ಕುಡಿತ ಬಿಟ್ಟು 26 ದಿನ: ತಲೆ ಯಾವಾಗ ತಿಳಿಯಾಗುತ್ತೆ?

ರೇಷ್ಮೆಎಳೆ (ಶಿಡ್ಲಘಟ್ಟ)

ನಮ್ಮಣ್ಣನ ವಿಷಯ. 44 ವರ್ಷ, ರೇಷ್ಮೆ ರೀಲಿಂಗ್ ಕೆಲಸ. ಕುಡಿತ 20 ವರ್ಷದ್ದು. ಕಡೆಯ ಆರು ವರ್ಷ ದಿನಕ್ಕೆ ನಾಲ್ಕು ನೈಂಟಿ, ಅದರಲ್ಲಿ ಮೊದಲನೆಯದು ಬೆಳಗ್ಗೆ ಕೈನಡುಕ ನಿಲ್ಲಿಸೋಕೆ. ಬೀಡಿ ದಿನಕ್ಕೊಂದು ಕಟ್ಟು. ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡು ಬಿಡಿಸಿದರು. ಫಿಟ್ಸ್ ಬರಲಿಲ್ಲ, ಎರಡನೇ ರಾತ್ರಿ ಗೋಡೆ ಮೇಲೆ ಇರುವೆ ಹರಿದಾಡ್ತಿದೆ ಅಂದಿದ್ದ, ಅದು ಮಾರನೇ ದಿನಕ್ಕೆ ಹೋಯಿತು. ಇವತ್ತಿಗೆ 26 ದಿನ, ಒಂದು ಹನಿ ಮುಟ್ಟಿಲ್ಲ.

ಈಗಿನ ಸ್ಥಿತಿ: ರಾತ್ರಿ ಮೂರು ಗಂಟೆ ನಿದ್ದೆ. ಬೆಳಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆತಿರುತ್ತೆ. ಕಾಲು ಅಗಲಿಸಿಕೊಂಡು ನಡೀತಾನೆ. ಯಾವುದರಲ್ಲೂ ಖುಷಿ ಇಲ್ಲ, ಜಗುಲಿ ಮೇಲೆ ಸುಮ್ಮನೆ ಕೂತಿರ್ತಾನೆ. ಅಮ್ಮ ನಿನ್ನೆ "ಕುಡೀವಾಗಲೇ ವಾಸಿಯಿತ್ತು, ನಾಲ್ಕು ಮಾತಾದರೂ ಆಡ್ತಿದ್ದ" ಅಂತ ಕಣ್ಣೀರು ಹಾಕಿದರು.

ಮೆದುಳು ಮೊದಲಿನ ಹಾಗೆ ಆಗುತ್ತಾ, ಎಷ್ಟು ದಿನ ಬೇಕು? ಎಂ.ಆರ್.ಐ. ಮಾಡಿಸಬೇಕಾ? ಬೇಸಿನ್ (ಗೂಡಿನಿಂದ ಎಳೆ ತೆಗೆಯೋ ಬಿಸಿನೀರಿನ ತೊಟ್ಟಿ) ಕೆಲಸಕ್ಕೆ ಯಾವಾಗ ಕಳಿಸಬಹುದು? ಇನ್ನೊಂದು, ನೆಂಟರೊಬ್ಬರು ಸಾರಿಗೆ ಗೊತ್ತಾಗದ ಹಾಗೆ ಬೆರೆಸೋ, ಕುಡಿತ ಬಿಡಿಸೋ ಪುಡಿ ತಂದುಕೊಟ್ಟಿದ್ದಾರೆ. ಅದನ್ನು ಹಾಕಬಹುದಾ?

ಮಾತ್ರೆಚೀಟಿ

ಅಕ್ಕ, ಪುಡಿ ಹಾಕಬೇಡಿ. ಯಾಕೆ ಅಂತ ಆಮೇಲೆ ಬರೀತೀನಿ. ಮೊದಲು ಈ ನಾಲ್ಕಕ್ಕೆ ಉತ್ತರ ಕೊಡಿ.

ಒಂದು, ಕುಡಿತ ಬಿಡುವ ಮುಂಚಿನ ತಿಂಗಳಲ್ಲಿ ಎಲ್ಲಾದರೂ ಬಿದ್ದು ತಲೆಗೆ ಪೆಟ್ಟಾಗಿತ್ತಾ? ಸಣ್ಣದಾದರೂ ಹೇಳಿ.

ಎರಡು, ವಸ್ತು ಎರಡೆರಡಾಗಿ ಕಾಣುತ್ತಾ? ಅವರ ತಲೆ ಅಲ್ಲಾಡದ ಹಾಗೆ ಹಿಡಿದುಕೊಂಡು, ನಿಮ್ಮ ತೋರುಬೆರಳನ್ನು ಒಂದಡಿ ದೂರದಲ್ಲಿ ಎಡಕ್ಕೂ ಬಲಕ್ಕೂ ನಿಧಾನಕ್ಕೆ ಸರಿಸಿ, ಕಣ್ಣಲ್ಲೇ ನೋಡಲು ಹೇಳಿ. ಕಣ್ಣುಗುಡ್ಡೆ ಕೊನೆತನಕ ಹೋಗುತ್ತಾ, ಹೋದಾಗ ಪಟಪಟ ಅದುರುತ್ತಾ?

ಮೂರು, ಎರಡೂ ಕೈ ಮುಂದೆ ಚಾಚಿ, ಪೊಲೀಸಿನವರು ಗಾಡಿ ನಿಲ್ಲಿಸುವಂತೆ ಅಂಗೈ ಮೇಲೆತ್ತಿ 20 ಸೆಕೆಂಡ್ ಹಿಡಿಯಲಿ. ಸಣ್ಣ ನಡುಕ ಬೇರೆ. ಮಣಿಕಟ್ಟು ತಟಕ್ಕನೆ ಕುಸಿದು ಮತ್ತೆ ಮೇಲೇಳುತ್ತಾ ನೋಡಿ, ಲಿವರ್ ತೊಂದರೆ ಮೆದುಳಿಗೆ ತಟ್ಟಿದರೆ ಹಾಗಾಗುತ್ತೆ. ಕಣ್ಣು ಹಳದಿ ಇದೆಯಾ, ಮಲಬದ್ಧತೆ ಇದೆಯಾ, ಹಗಲೆಲ್ಲ ತೂಕಡಿಸಿ ರಾತ್ರಿಯೆಲ್ಲ ಎಚ್ಚರವಾ?

ನಾಲ್ಕು, ಡಿಸ್ಚಾರ್ಜ್ ಚೀಟಿಯಲ್ಲಿ ಥಯಾಮಿನ್ (ವಿಟಮಿನ್ ಬಿ1) ಅಂತ ಇರುತ್ತೆ. ಇಂಜೆಕ್ಷನ್ನಾ ಮಾತ್ರೆಯಾ, ಎಷ್ಟು ಮಿಲಿಗ್ರಾಂ, ಎಷ್ಟು ದಿನ?

ರೇಷ್ಮೆಎಳೆ

ಕಣ್ಣು ಸರಿಯಾಗಿ ತಿರುಗುತ್ತೆ, ಅದುರಲ್ಲ. ಮಣಿಕಟ್ಟು ಕುಸಿಯಲ್ಲ, ಬೆರಳಲ್ಲಿ ಸಣ್ಣ ನಡುಕ ಇದೆ. ಹಳದಿ ಇಲ್ಲ. ಥಯಾಮಿನ್ 100 ಮಿ.ಗ್ರಾಂ. ಇಂಜೆಕ್ಷನ್ ಮೂರು ದಿನ, ಆಮೇಲೆ ದಿನಕ್ಕೊಂದು 100ರ ಮಾತ್ರೆ. ಅದು ಹೋದ ವಾರ ಮುಗೀತು, ಮತ್ತೆ ತಂದಿಲ್ಲ. ಬಿದ್ದಿದ್ದು ಹೌದು. ಆಸ್ಪತ್ರೆಗೆ ಸೇರಿಸೋ ವಾರದ ಮುಂಚೆ ಮೆಟ್ಟಿಲಲ್ಲಿ ಜಾರಿ ಹಿಂದಲೆ ತಗುಲಿತ್ತು. ಗಾಯ ಆಗಿರಲಿಲ್ಲ, ನಾವೂ ಮರೆತುಬಿಟ್ಟಿದ್ವಿ. ನಾಲ್ಕೈದು ದಿನದಿಂದ ತಲೆನೋವು ಅಂತಾನೆ.

ಮಾತ್ರೆಚೀಟಿ

ಹಾಗಾದರೆ ನಾಳೆಯೇ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ. ಎಂ.ಆರ್.ಐ. ಈಗ ಬೇಕಿಲ್ಲ. ಈ ಪ್ರಶ್ನೆಗೆ ಸಿ.ಟಿ. ಸಾಕು, ಐದು ನಿಮಿಷದ ಕೆಲಸ.

ಕಾರಣ ಇದು. ವರ್ಷಗಟ್ಟಲೆ ಕುಡಿದವರ ಮೆದುಳು ಸ್ವಲ್ಪ ಕುಗ್ಗಿರುತ್ತೆ. ಆಗ ಬುರುಡೆಗೂ ಮೆದುಳಿಗೂ ನಡುವೆ ಜಾಗ ಹೆಚ್ಚಾಗಿ, ಆ ಜಾಗ ದಾಟುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಅಂಥವರಿಗೆ ಸಣ್ಣ ಪೆಟ್ಟೂ ಸಾಕು, ನಾಳ ಹರಿದು ರಕ್ತ ಹನಿಹನಿಯಾಗಿ ಸೇರಿಕೊಳ್ಳುತ್ತೆ. ಲಿವರ್ ಕೆಟ್ಟಿದ್ದರೆ ರಕ್ತ ಹೆಪ್ಪುಗಟ್ಟುವುದೂ ತಡ. ಲಕ್ಷಣ ಕಾಣುವುದು ಎರಡು ವಾರದಿಂದ ಆರು ವಾರದ ಮೇಲೆ: ತಲೆನೋವು, ಮಂಕು, ಮರೆವು, ನಡಿಗೆ ತಪ್ಪುವುದು. ಎಲ್ಲವೂ "ಕುಡಿತ ಬಿಟ್ಟ ಸುಸ್ತು" ಅನ್ನೋ ಹಾಗೇ ಇರೋದರಿಂದ ಮನೆಯವರಿಗೆ ಅನುಮಾನವೇ ಬರಲ್ಲ. ಮಂಪರು ಹೆಚ್ಚಾಗ್ತಾ ಹೋದರೆ, ವಾಂತಿಯಾದರೆ, ಒಂದು ಕಡೆಯ ಕೈಕಾಲು ಸೋತರೆ ನಾಳೆವರೆಗೂ ಕಾಯಬೇಡಿ, ಈಗಲೇ ಹೊರಡಿ. ಸ್ಕ್ಯಾನ್ ಆಗುವವರೆಗೆ ತಲೆನೋವಿಗೆ ಆಸ್ಪಿರಿನ್, ಡೈಕ್ಲೋಫೆನಾಕ್ ಕೊಡಬೇಡಿ.

ಥಯಾಮಿನ್ ನಿಲ್ಲಿಸಿದ್ದು ತಪ್ಪು. ಕುಡಿದು ಕೆಟ್ಟ ಕರುಳು ಮಾತ್ರೆಯ ಬಿ1 ಅನ್ನು ಅರೆಬರೆ ಹೀರುತ್ತೆ. ದೇಹದ ಉಗ್ರಾಣದಲ್ಲಿ ಇರೋದೇ ಸುಮಾರು 30 ಮಿಲಿಗ್ರಾಂ, ಕೆಲವು ವಾರಕ್ಕೆ ಖಾಲಿ. ನಾಳೆ ಹೋದಾಗ ವೈದ್ಯರಿಗೆ ನಡಿಗೆ ಮತ್ತು ಮರೆವು ಎರಡನ್ನೂ ಒಟ್ಟಿಗೆ ಹೇಳಿ. ಬಿ1 ಕೊರತೆಯಿಂದ ಬರುವ ವರ್ನಿಕೆ ರೋಗದಲ್ಲಿ ಗೊಂದಲ, ಕಣ್ಣಿನ ತೊಂದರೆ, ನಡಿಗೆಯ ತೊಂದರೆ ಮೂರೂ ಇರಬೇಕು ಅಂತ ಪುಸ್ತಕದಲ್ಲಿದೆ, ಆದರೆ ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ. ಅನುಮಾನ ಬಂದರೆ ಸಾಮಾನ್ಯವಾಗಿ ಕೊಡುವುದು 500 ಮಿ.ಗ್ರಾಂ., ದಿನಕ್ಕೆ ಮೂರು ಸಲ, ಸಲೈನ್‌ನಲ್ಲಿ ಅರ್ಧ ಗಂಟೆ ರಕ್ತನಾಳಕ್ಕೆ, ಎರಡು ಮೂರು ದಿನ. 100ರ ಲೆಕ್ಕ ತಡೆಗಟ್ಟುವುದಕ್ಕೆ ಇರಬಹುದು, ಬಂದದ್ದನ್ನು ವಾಸಿ ಮಾಡುವುದಕ್ಕಲ್ಲ. ತಡವಾದರೆ ಹೊಸ ನೆನಪು ಕೂಡುವ ಶಕ್ತಿಯೇ ಕಾಯಂ ಹೋಗಬಹುದು, ಹಾಗಾಗಿ ಅನುಮಾನದಲ್ಲೇ ಕೊಡುತ್ತಾರೆ.

ನಮ್ಮ ಕಡೆ ಒಂದು ಅಭ್ಯಾಸ ಇದೆ. ಸುಸ್ತು ಅಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಬರೋದು. ಇವರಿಗೆ ಥಯಾಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಬೇಡಿ. ಸಕ್ಕರೆ ಉರಿಸೋಕೆ ಮೆದುಳು ಉಳಿದಿದ್ದ ಬಿ1 ಅನ್ನೂ ಖರ್ಚು ಮಾಡಿ ಇನ್ನಷ್ಟು ಕೆಡುತ್ತೆ.

ಸಿಸ್ಟರ್_ಚಿಂತಾಮಣಿ

ಮೇಲಿನವರು ತುರ್ತಿನದನ್ನು ಹೇಳಿದ್ದಾರೆ, ಅದು ಮೊದಲು ಆಗಲಿ. ನಾನು "ಎಷ್ಟು ದಿನ" ಅನ್ನೋದಕ್ಕೆ ಬರೀತೀನಿ. ಇದನ್ನು ಅಮ್ಮನಿಗೂ ಓದಿ ಹೇಳಿ.

ಲೆಕ್ಕದಿಂದ ಶುರು ಮಾಡೋಣ. ನಾಲ್ಕು ನೈಂಟಿ ಅಂದರೆ 360 ಮಿ.ಲೀ. ಶೇ. 42.8ರ ಮದ್ಯದಲ್ಲಿ ಅದು ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್. ಮೆದುಳಲ್ಲಿ ಬ್ರೇಕಿನ ಕೆಲಸ ಮಾಡೋದು ಗಾಬಾ ಅನ್ನೋ ರಾಸಾಯನಿಕ, ಆಕ್ಸಿಲರೇಟರ್ ಕೆಲಸ ಗ್ಲುಟಮೇಟ್ ಅನ್ನೋದರದು. ಆಲ್ಕೋಹಾಲ್ ಬ್ರೇಕನ್ನು ಒತ್ತುತ್ತೆ, ಆಕ್ಸಿಲರೇಟರನ್ನು ಹಿಡಿದಿಡುತ್ತೆ. ದಿನಾ 120 ಗ್ರಾಂ ಬೀಳುತ್ತಿದ್ದರೆ ಮೆದುಳು ತಾನು ಎಚ್ಚರವಾಗಿರೋಕೆ ಬ್ರೇಕನ್ನು ಸವೆಸಿಕೊಂಡು ಆಕ್ಸಿಲರೇಟರನ್ನು ಬಲ ಮಾಡಿಕೊಳ್ಳುತ್ತೆ. ಒಮ್ಮೆಲೇ ಬಿಟ್ಟಾಗ ಸವೆದ ಬ್ರೇಕು, ಬಲವಾದ ಆಕ್ಸಿಲರೇಟರ್ ಎರಡೂ ಹಾಗೇ ಉಳಿದಿರ್ತವೆ. ನಡುಕ, ಬೆವರು 6ರಿಂದ 12 ಗಂಟೆಯಲ್ಲಿ, ಫಿಟ್ಸ್ ಹೆಚ್ಚಾಗಿ 48 ಗಂಟೆಯೊಳಗೆ, ಸನ್ನಿ ಎರಡನೇ ದಿನದಿಂದ ನಾಲ್ಕನೇ ದಿನದಲ್ಲಿ ಬರೋದು ಇದಕ್ಕೇ. ಆ ಇರುವೆಗಳೂ ಇದರಲ್ಲೇ ಬಂದವು. ಆ ಘಟ್ಟ ನಿಮ್ಮಣ್ಣ ದಾಟಿದ್ದಾರೆ.

ಆಮೇಲಿನ ಚೇತರಿಕೆ ಎಲ್ಲ ಒಂದೇ ವೇಗದಲ್ಲಿ ಆಗಲ್ಲ. ಮನೆಯವರು ಎಡವೋದು ಇಲ್ಲೇ.

ಬ್ರೇಕು, ಆಕ್ಸಿಲರೇಟರ್ ಸಮ ಆಗೋಕೆ ಸುಮಾರು ನಾಲ್ಕು ವಾರ. ಕುಗ್ಗಿದ ಮೆದುಳು ತುಂಬಿಕೊಳ್ಳೋದು ಮೊದಲ ತಿಂಗಳಲ್ಲಿ ಬೇಗ, ಆಮೇಲೆ ನಿಧಾನವಾಗಿ ತಿಂಗಳುಗಟ್ಟಲೆ. ಕುಗ್ಗಿದ್ದರಲ್ಲಿ ಬಹುಪಾಲು ಜೀವಕೋಶ ಸತ್ತದ್ದಲ್ಲ. ಕೋಶಗಳ ಕವಲು ಮೊಟಕಾಗಿ, ನರತಂತುಗಳ ಕೊಬ್ಬಿನ ಹೊದಿಕೆ ತೆಳುವಾಗಿರುತ್ತೆ, ಅದು ಮತ್ತೆ ಬೆಳೆಯುತ್ತೆ. ಸತ್ತ ಕೋಶ ಮಾತ್ರ ವಾಪಸ್ ಬರಲ್ಲ. ಗಮನ, ನೆನಪು, ಯೋಜನೆ ಮಾಡೋ ಶಕ್ತಿ ಒಂದು ವರ್ಷದವರೆಗೂ ಸುಧಾರಿಸುತ್ತಾ ಇರುತ್ತೆ.

ನಿದ್ದೆಗೆ ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷ. ಗಾಢ ನಿದ್ದೆ ಕಡಿಮೆ, ಅದುಮಿಟ್ಟಿದ್ದ ಕನಸಿನ ನಿದ್ದೆ ಒಮ್ಮೆಲೇ ನುಗ್ಗುತ್ತೆ. ಕುಡಿದ ಹಾಗೆ ಕನಸು ಬಿದ್ದು ಬೆವರಿ ಏಳೋದು ಸಹಜ, "ಮನಸ್ಸಲ್ಲಿ ಇನ್ನೂ ಆಸೆ ಇದೆ" ಅಂತ ಬಯ್ಯಬೇಡಿ. ಎದ್ದೇಳೋ ಹೊತ್ತು ಒಂದೇ ಇರಲಿ, ರಾತ್ರಿ ಎಷ್ಟೊತ್ತಿಗೆ ಮಲಗಿದ್ದರೂ ಬೆಳಗ್ಗೆ ಆರಕ್ಕೆ ಎಬ್ಬಿಸಿ. ಮಧ್ಯಾಹ್ನದ ನಿದ್ದೆ 20 ನಿಮಿಷ ಮೀರಬಾರದು, 12 ಗಂಟೆ ಮೇಲೆ ಕಾಫಿ ಟೀ ಬೇಡ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ಡೈಜಿಪಾಮ್, ಲೋರಾಜಿಪಾಮ್ ತರದ ಮಾತ್ರೆಯನ್ನು ನಿದ್ದೆಗೆ ಅಂತ ಮತ್ತೆ ತರಿಸಬೇಡಿ. ಅವೂ ಒತ್ತೋದು ಅದೇ ಬ್ರೇಕನ್ನೇ.

ಎಲ್ಲಕ್ಕಿಂತ ತಡವಾಗಿ ಬರೋದು ಖುಷಿ. ಖುಷಿಗೆ ಸಂಬಂಧಪಟ್ಟ ಮೆದುಳಿನ ರಾಸಾಯನಿಕ ಡೋಪಮಿನ್ ಅನ್ನು ಹಿಡಿಯೋ ಗ್ರಾಹಕಗಳು ಬಿಟ್ಟು ನಾಲ್ಕು ತಿಂಗಳಾದರೂ ಕಡಿಮೆಯೇ ಇರೋದನ್ನು ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಅಮ್ಮ ನೋಡ್ತಿರೋ ಆ ಜಗುಲಿಯ ಮೌನ ಇದು. ಸೋಮಾರಿತನ ಅಲ್ಲ, ಮನೆಯವರ ಮೇಲಿನ ಮುನಿಸೂ ಅಲ್ಲ. ಮಗು ಬಂದು ತೊಡೆ ಮೇಲೆ ಕೂತರೂ ನಗು ಬರದೇ ಇರಬಹುದು. ಮೂರನೇ ವಾರದಿಂದ ಮೂರನೇ ತಿಂಗಳವರೆಗೆ ಬಹಳ ಜನ ಮತ್ತೆ ಶುರು ಮಾಡೋದು ಇದೇ ಕಾರಣಕ್ಕೆ. ಹಾಗಾಗಿ ಅಮ್ಮ ಆ ಮಾತನ್ನು ಅವರ ಮುಂದೆ ಆಡದಿರಲಿ, ದಯವಿಟ್ಟು. ಆದರೆ ನಾಲ್ಕು ವಾರ ಕಳೆದ ಮೇಲೂ ಅಳು, ಊಟ ಬೇಡ, ಬದುಕು ಬೇಡ ಅನ್ನೋ ಮಾತು ಇದ್ದರೆ ಅದನ್ನು ಖಿನ್ನತೆ ಅಂತಲೇ ನೋಡಿ ಚಿಕಿತ್ಸೆ ಕೊಡಿಸಬೇಕು. ಸಾಯೋ ಮಾತು ಬಂದರೆ ನಾಲ್ಕು ವಾರದ ಲೆಕ್ಕ ಇಲ್ಲ, ಅವತ್ತೇ. ಟೆಲಿಮನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಬೀಡಿ ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಕುಡಿತ ಬಿಟ್ಟವರಲ್ಲಿ ಹೊಗೆ ಸೇದುವವರ ಮೆದುಳು ಸೇದದವರಿಗಿಂತ ನಿಧಾನಕ್ಕೆ ಚೇತರಿಸಿಕೊಳ್ಳುತ್ತೆ. ಎರಡನ್ನೂ ಒಟ್ಟಿಗೆ ಬಿಟ್ಟರೆ ಕುಡಿತಕ್ಕೆ ವಾಪಸ್ ಹೋಗ್ತಾರೆ ಅನ್ನೋ ಭಯ ಬೇಡ. ನಿಕೋಟಿನ್ ಗಮ್ ಬಗ್ಗೆ ಅದೇ ವೈದ್ಯರನ್ನು ಕೇಳಿ.

ಬಸ್ಸಾರು_ಮುದ್ದೆ

ಊಟದ ಬಗ್ಗೆ ಸ್ವಲ್ಪ. ಇದು ಇಂಜೆಕ್ಷನ್ ಬದಲಿಗಲ್ಲ, ಅದರ ಜೊತೆಗೆ.

ಪಾಲಿಶ್ ಅಕ್ಕಿಯಲ್ಲಿ ಬಿ1 ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದನ್ನೂ ಮೂರು ಸಲ ತೊಳೆದು ಗಂಜಿ ಬಸಿದರೆ ಉಳಿಯೋದು ಹೊಟ್ಟೆ ತುಂಬಿಸೋ ಪಿಷ್ಟ ಮಾತ್ರ. ರಾಗಿಯಲ್ಲಿ ಅದರ ಹಲವು ಪಟ್ಟು ಇದೆ. ದಿನಕ್ಕೆ ಎರಡು ಹೊತ್ತು ಮುದ್ದೆ, ಜೊತೆಗೆ ಹುರುಳಿ, ಅವರೆ, ಹೆಸರು, ಅಲಸಂದೆ ಯಾವುದಾದರೂ ಕಾಳು. ಬಿ1 ನೀರಲ್ಲಿ ಕರಗೋದರಿಂದ ಕಾಳು ಬೇಯಿಸಿದ ಕಟ್ಟನ್ನು ಚೆಲ್ಲಬಾರದು. ನಮ್ಮ ಬಸ್ಸಾರಿನಲ್ಲಿ ಆ ಕಟ್ಟೇ ಸಾರಾಗೋದು, ಅದಕ್ಕಿಂತ ಒಳ್ಳೆ ವಿಧಾನ ಬೇಕಿಲ್ಲ. ಕಾಳು ಬೇಗ ಬೇಯಲಿ ಅಂತ ಸೋಡಾ ಹಾಕಬೇಡಿ, ಸೋಡಾ ಬಿದ್ದರೆ ಬಿ1 ಒಡೆಯುತ್ತೆ. ಊಟದ ಜೊತೆಗೆ ಟೀ, ಊಟ ಆದ ತಕ್ಷಣ ಎಲೆಅಡಿಕೆ ಎರಡೂ ಬಿ1ಗೆ ಅಡ್ಡಿ. ಒಂದು ಗಂಟೆ ಬಿಡಿ.

ಸಂಜೆ ಐದೂವರೆ ಆರರ ಹೊತ್ತಿಗೆ, ಅಂದರೆ ಅಂಗಡಿ ಕಡೆ ಕಾಲು ಎಳೆಯೋ ಸಮಯಕ್ಕೆ ಮುಂಚೆಯೇ ಹೊಟ್ಟೆಗೆ ಏನಾದರೂ ಬಿದ್ದಿರಬೇಕು. ಎರಡು ಕಡಲೆಮಿಠಾಯಿ, ಒಂದು ಲೋಟ ಮಜ್ಜಿಗೆ. ಹಸಿವಿನ ಸಂಕಟವನ್ನೇ ಎಷ್ಟೋ ಜನ ಎಣ್ಣೆ ಆಸೆ ಅಂತ ತಿಳ್ಕೋತಾರೆ. ಶುಗರ್ ಇಲ್ಲ ಅಂತ ಪರೀಕ್ಷೆಯಲ್ಲಿ ಖಚಿತ ಮಾಡಿಕೊಂಡಿದ್ದರೆ ಬೆಲ್ಲದ ಸಿಹಿ ತಿನ್ನಲಿ ಬಿಡಿ, ಈ ತಿಂಗಳು ಸಿಹಿ ಬೇಕು ಅನಿಸುತ್ತೆ.

ರೇಷ್ಮೆಎಳೆ

ಸಿ.ಟಿ. ಆಯಿತು. ರಕ್ತ ಸೇರಿಲ್ಲ, ಮೆದುಳು ವಯಸ್ಸಿಗಿಂತ ಸ್ವಲ್ಪ ಕುಗ್ಗಿದೆ ಅಂದರು. ರಕ್ತಪರೀಕ್ಷೆಯಲ್ಲಿ ಬಿ12 148 ಬಂತು, ಕಡಿಮೆಯಂತೆ. ಎರಡು ದಿನ ಸೇರಿಸಿಕೊಂಡು ಥಯಾಮಿನ್ 500ರಂತೆ ಕೊಡ್ತಿದ್ದಾರೆ, ಬಿ12 ಇಂಜೆಕ್ಷನ್ ಶುರುವಾಗಿದೆ. ಎಲ್ಲರಿಗೂ ಕೈ ಮುಗೀತೀನಿ.

ಮನೆಗೆ ಬಂದ ಮೇಲೆ ನಡಿಗೆಗೆ, ನೆನಪಿಗೆ ನಾವೇ ಏನು ಮಾಡಿಸಬಹುದು? ಬೇಸಿನ್ ವಿಷಯವನ್ನೂ ಹೇಳಿ.

ನಂದಿತಪ್ಪಲು

ನಡಿಗೆಯಿಂದ ಶುರು ಮಾಡಿ. ಕಾಲು ಜೋಡಿಸಿ ನಿಲ್ಲಿಸಿ, ನೀವು ಪಕ್ಕದಲ್ಲೇ ಇರಿ. ಕಣ್ಣು ಬಿಟ್ಟಾಗಲೇ ತೂಗಾಡಿದರೆ ತೊಂದರೆ ಹಿಂದಲೆಯ ಕಿರುಮೆದುಳಿನದು ಇರಬಹುದು. ಕಣ್ಣು ಬಿಟ್ಟಾಗ ನಿಂತು, ಮುಚ್ಚಿದಾಗ ತೂಗಾಡಿದರೆ ಪಾದದ ನರಗಳದು, ಬಿ12 ಕಡಿಮೆ ಇರೋದರಿಂದ ಅದೂ ಸೇರಿರಬಹುದು. ಕಿರುಮೆದುಳು ತಿಂಗಳುಗಳಲ್ಲಿ ಸುಧಾರಿಸುತ್ತೆ, ಪೂರ್ತಿ ಸರಿಹೋಗದೆಯೂ ಉಳಿಯಬಹುದು. ನರಗಳದು ಇನ್ನೂ ನಿಧಾನ.

ಅಭ್ಯಾಸ ಇಷ್ಟೇ: ನೆಲದ ಟೈಲ್ಸ್ ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ, ಗೋಡೆ ಪಕ್ಕ, ದಿನಕ್ಕೆ ಎರಡು ಸಲ. ಪ್ರತಿ ಭಾನುವಾರ ಹತ್ತರಲ್ಲಿ ಎಷ್ಟು ಹೆಜ್ಜೆ ಗೆರೆ ತಪ್ಪಿತು ಅಂತ ಕ್ಯಾಲೆಂಡರ್ ಮೇಲೆ ಬರೀರಿ. ದಿನಾ ನೋಡೋರಿಗೆ ಸುಧಾರಣೆ ಕಾಣಲ್ಲ, ಬರೆದಿಟ್ಟರೆ ಕಾಣುತ್ತೆ.

ನೆನಪಿಗೆ ಒಂದೇ ಪುಸ್ತಕ, ಒಂದೇ ಮೊಳೆ, ಪೆನ್ನು ದಾರದಲ್ಲಿ ಕಟ್ಟಿರಲಿ. "ನೆನಪಿಲ್ವಾ?" ಅಂತ ಕೆಣಕಬೇಡಿ. ತಪ್ಪು ಉತ್ತರ ಬಾಯಿಂದ ಬಂದರೆ ಆ ತಪ್ಪೇ ತಲೆಯಲ್ಲಿ ಕೂರುತ್ತೆ. ಸರಿಯಾದ್ದನ್ನು ನೀವೇ ಹೇಳಿ, ಒಂದು ನಿಮಿಷ ಬಿಟ್ಟು ಕೇಳಿ, ಆಮೇಲೆ ಎರಡು, ನಾಲ್ಕು, ಎಂಟು ನಿಮಿಷಕ್ಕೆ. ಒಂದು ವಾರಕ್ಕೆ ಒಂದೇ ವಿಷಯ ಸಾಕು, ಮಾತ್ರೆ ಹೊತ್ತಿನಿಂದ ಶುರು ಮಾಡಿ. ಆಗದೇ ಇರೋದನ್ನು ಆಯಿತು ಅಂತ ಧೈರ್ಯವಾಗಿ ಹೇಳೋಕೆ ಶುರು ಮಾಡಿದರೆ ಸುಳ್ಳು ಅಂತ ಜಗಳ ಮಾಡಬೇಡಿ. ನೆನಪಿನ ತೂತನ್ನು ಮೆದುಳು ತಾನೇ ಕತೆ ಕಟ್ಟಿ ಮುಚ್ಚೋದು ಅದು, ಕೂಡಲೇ ವೈದ್ಯರಿಗೆ ತಿಳಿಸಿ. ಮೂರನೇ ತಿಂಗಳಲ್ಲಿ ಕನ್ನಡದ ಮೋಕಾ ಪರೀಕ್ಷೆ (ನೆನಪು, ಗಮನ ಅಳೆಯೋದು) ಮಾಡಿಸಿ. 30 ಅಂಕದ್ದು, ಹತ್ತು ಹದಿನೈದು ನಿಮಿಷ ಹಿಡಿಯುತ್ತೆ.

ಬೇಸಿನ್ ಈಗ ಬೇಡವೇ ಬೇಡ. ಕುದಿನೀರು, ಒದ್ದೆ ನೆಲ, ತಪ್ಪೋ ನಡಿಗೆ, ಮೂರು ಗಂಟೆ ನಿದ್ದೆ. ಒಂದು ಸಲ ಮುಗ್ಗರಿಸಿದರೆ ಮುಗೀತು. ಆದರೆ ಕೆಲಸದಿಂದ ಪೂರ್ತಿ ದೂರ ಇಡೋದೂ ತಪ್ಪು. ಒಣ ಕೆಲಸದಿಂದ ತನ್ನಿ. ಗೂಡು ಆಯೋ ಕೆಲಸ ಇವರಿಗೆ ಹೇಳಿ ಮಾಡಿಸಿದ್ದು. ಒಂದು ಕೆ.ಜಿ. ಗೂಡು ಮುಂದೆ ಸುರಿದು ಜೋಡಿಗೂಡು, ಕಲೆಗೂಡು, ತೂತುಬಿದ್ದದ್ದು ಬೇರೆ ಮಾಡಲಿ. ಎಷ್ಟು ನಿಮಿಷ ಹಿಡೀತು, ಒಳ್ಳೆ ಗೂಡಿನ ಗುಡ್ಡೆಯಲ್ಲಿ ಎಷ್ಟು ಕೆಟ್ಟದ್ದು ಉಳಿದಿತ್ತು ಅಂತ ಎಣಿಸಿ. ಗಮನ, ಕಣ್ಣು, ಬೆರಳು ಮೂರಕ್ಕೂ ಅಭ್ಯಾಸ, ದುಡಿದೆ ಅನ್ನೋ ಸಮಾಧಾನವೂ ಸಿಗುತ್ತೆ. ಮೊದಲ ವಾರ 20 ನಿಮಿಷ ಮೀರಬೇಡಿ, ದಣಿದರೆ ತಪ್ಪು ಹೆಚ್ಚಾಗಿ ಬೇಜಾರಾಗ್ತಾರೆ. ಗೆರೆ ಮೇಲೆ ಹತ್ತಕ್ಕೆ ಹತ್ತು ಹೆಜ್ಜೆ ಎರಡು ಭಾನುವಾರ ಸಾಲಾಗಿ ಬಂದು, ನಿದ್ದೆ ಐದಾರು ಗಂಟೆಗೆ ಏರಿ, ವೈದ್ಯರೂ ಒಪ್ಪಿದ ಮೇಲೆ ಬೇಸಿನ್ ಮುಂದೆ ಅರ್ಧ ದಿನ, ಪಕ್ಕದಲ್ಲಿ ಇನ್ನೊಬ್ಬರು ಇರಬೇಕು. ಬಿಸಿ ನೀರಲ್ಲಿ ತೇಲೋ ಗೂಡಿನಿಂದ ಎಳೆಯ ತುದಿ ಹಿಡಿಯೋಕೆ ಬೆರಳು ಒಮ್ಮೆ ಎಡವಿದರೆ ಅದನ್ನು ಸೋಲು ಅನ್ನಬೇಡಿ.

ಮಾತ್ರೆಚೀಟಿ

ಪುಡಿಯ ಬಾಕಿ ಇತ್ತು. ಪೊಟ್ಟಣದ ಮೇಲೆ ಏನೇ ಬರೆದಿರಲಿ, ಒಳಗೆ ಏನಿದೆ ಗೊತ್ತಿಲ್ಲ. ಅದರಲ್ಲಿ ಡೈಸಲ್ಫಿರಾಮ್ (ಮದ್ಯ ಮೈಗೆ ಒಗ್ಗದ ಹಾಗೆ ಮಾಡೋ ಔಷಧಿ) ಇದ್ದು, ಗೊತ್ತಿಲ್ಲದೆ ಅವರು ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದು, ವಾಂತಿಯಾಗಿ, ಬಿ.ಪಿ. ಕುಸಿದು ಜೀವಕ್ಕೇ ಕುತ್ತು. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತೆ. ಲಿವರಿಗೂ ಪೆಟ್ಟು. ಡೈಸಲ್ಫಿರಾಮ್ ಕೆಟ್ಟ ಔಷಧಿಯಲ್ಲ, ರೋಗಿ ತಿಳಿದು ಒಪ್ಪಿ, ಲಿವರ್ ಪರೀಕ್ಷೆ ಮಾಡಿಸಿ, ಮನೆಯವರ ಮುಂದೆ ನುಂಗಿದರೆ ಕೆಲಸ ಮಾಡುತ್ತೆ. ಕದ್ದು ಹಾಕಿದ್ದು ಒಂದು ದಿನ ಗೊತ್ತಾಗುತ್ತೆ, ಆಮೇಲೆ ಅವರು ಮನೆ ಊಟವನ್ನೇ ನಂಬಲ್ಲ.

ಆಸೆ ತಗ್ಗಿಸೋಕೆ ಬೇರೆ ಎರಡಿವೆ. ಅಕಾಂಪ್ರೊಸೇಟ್ 333 ಮಿ.ಗ್ರಾಂ., ಸಾಮಾನ್ಯವಾಗಿ ಎರಡು ಮಾತ್ರೆ ದಿನಕ್ಕೆ ಮೂರು ಹೊತ್ತು, ಕಿಡ್ನಿ ಸರಿ ಇರಬೇಕು. ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ. ದಿನಕ್ಕೊಂದು, ಲಿವರ್ ನೋಡಿಕೊಂಡು. ಇದು ತೆಗೆದುಕೊಳ್ಳುವಾಗ ಟ್ರಮಡಾಲ್ ತರದ ನೋವಿನ ಮಾತ್ರೆ ಬೇಡ. ಯಾವುದು ಅಂತ ಮನೋವೈದ್ಯರು ನಿರ್ಧರಿಸಲಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ. ಆ ಪೊಟ್ಟಣವನ್ನೂ ತೆಗೆದುಕೊಂಡು ಹೋಗಿ ತೋರಿಸಿ.

ಸಿಸ್ಟರ್_ಚಿಂತಾಮಣಿ

ಒಂದು ಸೇರಿಸ್ತೀನಿ. ಯುಗಾದಿ ಮಾರನೇ ದಿನದ ಹೊಸತೊಡಕು, ಊರಹಬ್ಬ, ತಿಥಿ ಊಟ, ಗೂಡಿನ ಮಾರುಕಟ್ಟೆಯಲ್ಲಿ ದುಡ್ಡು ಕೈಗೆ ಬರೋ ದಿನ, ಈ ದಿನಗಳನ್ನು ಈಗಲೇ ಕ್ಯಾಲೆಂಡರಲ್ಲಿ ಗುರುತು ಮಾಡಿ. ಅವತ್ತು ಜೊತೆಗೆ ಯಾರಿರ್ತಾರೆ, ಊಟ ಎಲ್ಲಿ, ದುಡ್ಡು ಯಾರ ಕೈಲಿ ಅಂತ ಅವರ ಜೊತೆಯಲ್ಲೇ ಕೂತು ಮಾತಾಡಿಕೊಳ್ಳಿ. ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತೆ, ಅಷ್ಟು ಹೊತ್ತು ಜೊತೆಗಿದ್ದರೆ ಸಾಕು.

ಅಕಸ್ಮಾತ್ ಒಂದಷ್ಟು ದಿನ ಕುಡಿದುಬಿಟ್ಟರೆ ಮನೆಯಲ್ಲೇ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ಪ್ರತಿ ಸಲ ಬಿಟ್ಟು ಹಿಡಿದಾಗಲೂ ಮುಂದಿನ ಸಲದ ನಡುಕ, ಫಿಟ್ಸ್ ಜೋರಾಗ್ತಾ ಹೋಗುತ್ತೆ. ಮೊದಲು ಥಯಾಮಿನ್, ಆಸ್ಪತ್ರೆ. ಆ ವಾರ ಬೇಸಿನ್, ಬೈಕು, ಕೆರೆ ಬಾವಿ ಯಾವುದರ ಹತ್ತಿರವೂ ಬಿಡಬೇಡಿ.

ರೇಷ್ಮೆಎಳೆ

ಪೊಟ್ಟಣ ಬ್ಯಾಗಲ್ಲಿಟ್ಟಿದ್ದೀನಿ, ಮಂಗಳವಾರ ತೋರಿಸ್ತೀನಿ. ಥಯಾಮಿನ್ ಮಾತ್ರೆ ಒಂದು ತಿಂಗಳದ್ದು ತಂದಾಯಿತು. ಇವತ್ತು ಆಸ್ಪತ್ರೆ ವರಾಂಡದ ಗೆರೆ ಮೇಲೆ ನಡೆಸಿದೆ, ಹತ್ತರಲ್ಲಿ ಆರು ತಪ್ಪಿತು. ಬರೆದಿಟ್ಟಿದ್ದೀನಿ.